ತೊಟ್ಟಿಲಲ್ಲಿ ಈ ವಾರ ಯಾರು

ಅಜ್ಜಿಯ ಎಡಗೆನ್ನೆಯ ಚರ್ಮದೊಳಗೆ ಕಲ್ಲಿನ ಪುಡಿ ಇತ್ತು. ನೋಡಲು ಹಚ್ಚೆಯ ಚುಕ್ಕೆಗಳ ಹಾಗಿದ್ದರೂ ಬಣ್ಣ ಹಸಿರಲ್ಲ, ಬೂದು. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಹತ್ತು ಹದಿನೈದು ಚುಕ್ಕೆಗಳಿದ್ದವು. ಬಿಸಿಲಿಗೆ ಮುಖ ತಿರುಗಿಸಿದರೆ ಅವುಗಳಲ್ಲಿ ಒಂದೋ ಎರಡೋ ಮಿಣಕ್ಕೆಂದು ಹೊಳೆಯುತ್ತಿದ್ದವು. ಮೊದಲ ಸಲ ಕಂಡಾಗ ಬೆವರು ಅಂದುಕೊಂಡಿದ್ದೆ. ಹರೆಯದಿಂದ ಮುಪ್ಪಿನವರೆಗೆ ಊರೂರು ತಿರುಗಿ ಮನೆಮನೆಯ ಒಳಕಲ್ಲಿಗೆ, ಬೀಸುವ ಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆದವಳು ಅವಳು. ಸವೆದು ನುಣುಪಾದ ಕಲ್ಲು ಅರೆಯುವುದಿಲ್ಲ, ಅದನ್ನು ಕುಟ್ಟಿ ಮತ್ತೆ ಒರಟು ಮಾಡಬೇಕು. ಹಾಗೆ ಕುಟ್ಟುವಾಗ ಸಿಡಿದ ಚೂರುಗಳು ಕೆನ್ನೆಗೆ ಹೊಕ್ಕು ಅಲ್ಲೇ ಉಳಿದಿದ್ದವು. ಮಂಡ್ಯದ ಡಾಕ್ಟರೊಬ್ಬರು ತೆಗೆದುಬಿಡುತ್ತೇನೆ ಅಂದಿದ್ದರಂತೆ, ಇವಳು ಒಪ್ಪಿರಲಿಲ್ಲ.

“ಎಲ್ಲಾರ್ ಮನೇದೂ ವಸಿವಸಿ ಅದೆ ಕಣವ್ವ ಇದ್ರೊಳಗೆ. ತಗ್ಸುದ್ರೆ ಯಾರ್‍ದು ಯಾರ್ಗೆ ಅಂತ ವಾಪಸ್ ಕೊಡ್ಲಿ?”

ಎದುರಿಗೆ ನಾನು ಅವಳನ್ನು ‘ನೀವು’ ಅನ್ನುತ್ತಿದ್ದೆ. ಡೈರಿಯಲ್ಲಿ ಮಾತ್ರ ಮೊದಲ ದಿನದಿಂದಲೂ ‘ಅವಳು’ ಎಂದೇ ಇದೆ. ಈಗಲೂ ಹಾಗೇ ಇರಲಿ. ಡೈರಿ ಬರೆಯುವ ಅಭ್ಯಾಸ ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ಅಂಟಿಕೊಂಡದ್ದು. ಬರೀ ನೆನಪನ್ನು ಸಾಕ್ಷಿ ಎಂದು ಒಪ್ಪಬಾರದು ಎಂದು ಅಲ್ಲಿ ಕಲಿಸಿದ್ದರು, ನಾನೂ ನಂಬಿದ್ದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅವತ್ತೇ ಬರೆದಿಟ್ಟದ್ದು ಯಾವುದು, ಆಮೇಲೆ ಮನಸ್ಸು ಸೇರಿಸಿಕೊಂಡಿರಬಹುದಾದದ್ದು ಯಾವುದು ಎಂದು ಆದಷ್ಟು ಬಿಡಿಸಿ ಹೇಳುತ್ತೇನೆ. ಒಂದೆರಡು ಕಡೆ ಬಿಡಿಸಲು ಆಗುವುದಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಹಳೆಯ ಭತ್ತದ ಗೋಡೌನು ಇತ್ತು. ನಮ್ಮ ಸಂಗ್ರಹಾಲಯ ಇದ್ದದ್ದು ಅದರಲ್ಲಿ. ಒಂದು ಮೂಲೆಯಲ್ಲಿ ನೇಗಿಲು, ಕೂರಿಗೆ, ಏತದ ಬಾನಿ. ಇನ್ನೊಂದು ಕಡೆ ಎತ್ತು ಕಟ್ಟುವ ಕಬ್ಬಿನ ಗಾಣ, ಬೆಲ್ಲದ ಅಚ್ಚು, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ, ಸೇರು ಪಾವು ಬಳ್ಳ. ಬಾಗಿಲ ಬಳಿ ‘ನಮ್ಮ ಹಿರಿಯರ ಬದುಕನ್ನು ಮುಂದಿನ ಪೀಳಿಗೆಗೆ ತಲುಪಿಸುವುದೇ ನಮ್ಮ ಧ್ಯೇಯ’ ಎಂಬ ಫಲಕ. ಆ ವಾಕ್ಯ ನನ್ನದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಬರೆದುಕೊಟ್ಟದ್ದು. ಅಜ್ಜಿಗೆ ಓದಿ ಹೇಳಿದೆ. ಅವಳು ಎಲೆಯಡಿಕೆ ಅಗಿಯುತ್ತ ಕೇಳಿಸಿಕೊಂಡಳು.

“ಅಂಗಲ್ಲ. ಎಸ್ಯಕ್ಕಾಗದ್ದ ಮಡಗ ಜಾಗ ಇದು. ಅಷ್ಟೆ ಬರಿ.”

ಸಂಗ್ರಹಾಲಯ ಹುಟ್ಟಿದ್ದೂ ಹಾಗೆಯೇ. ಮಿಕ್ಸಿ, ಗ್ರೈಂಡರು ಬಂದ ಮೇಲೆ ಕಲ್ಲಿಗೆ ಮುಳ್ಳು ಹೊಡೆಯಲು ಯಾರೂ ಅವಳನ್ನು ಕರೆಯಲಿಲ್ಲ. ನಾಡಹೆಂಚಿನ ಮನೆಗಳನ್ನು ಕೆಡವಿ ತಾರಸಿ ಹಾಕಿಸುವಾಗ ಒಳಕಲ್ಲನ್ನು ಕಿತ್ತು ಬೀದಿಬದಿಗೆ ಉರುಳಿಸಿದರು, ಅದಕ್ಕೆ ಯಾರೂ ಅಳುಕಲಿಲ್ಲ. ಅದರೊಳಗೆ ತಿರುಗುತ್ತಿದ್ದ ಗುಂಡುಕಲ್ಲನ್ನು ಮಾತ್ರ ಎಸೆಯಲು ಯಾರಿಗೂ ಕೈ ಬರಲಿಲ್ಲ. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಮಲಗುವುದು ಮಗುವಲ್ಲ, ಗುಂಡುಕಲ್ಲು. ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕಾಡಿಗೆಯ ಬೊಟ್ಟಿಟ್ಟು, ಬಟ್ಟೆ ಸುತ್ತಿ ಮಲಗಿಸಿ ತೂಗುತ್ತಾರೆ. ಆಮೇಲೆ ಕಲ್ಲನ್ನು ಎತ್ತಿ ಮಗುವನ್ನು ಮಲಗಿಸುತ್ತಾರೆ. ಮರುದಿನ ಅದೇ ಕಲ್ಲು ಒಳಕಲ್ಲಿಗೆ ಮರಳಿ ಹುರುಳಿಕಾಳು ಅರೆಯುತ್ತದೆ. ಹಾಗಾಗಿ ಒಂದು ಮನೆಯಲ್ಲಿ ಹುಟ್ಟಿದ ಅಷ್ಟೂ ಮಕ್ಕಳಿಗಿಂತ ಆ ಕಲ್ಲು ಹಿರಿಯದು. ಮನೆ ಕೆಡವಿದವರು ಅದನ್ನು ಏನು ಮಾಡುವುದೆಂದು ತಿಳಿಯದೆ ಅಜ್ಜಿಗೆ ಹೇಳಿಕಳಿಸಿದರು. ಅವಳು ಬಂದು, ಸೆರಗಿನಲ್ಲಿ ಸುತ್ತಿ, ಸೊಂಟದ ಮೇಲೆ ಇಟ್ಟುಕೊಂಡು ಹೋದಳು. ಬಸ್ಸಿನಲ್ಲಿ ಕಂಡಕ್ಟರುಗಳು ಲಗೇಜು ಕೇಳುತ್ತಿದ್ದರಂತೆ. “ಮಡ್ಲಲ್ಲಿರೋ ಕೂಸ್ಗೆ ಯಾವ ಟಿಕೇಟ್ಲಾ?” ಎಂದು ಇವಳು ಗದರುತ್ತಿದ್ದಳಂತೆ.

ಅವಳ ಗುಡಿಸಲಿನಲ್ಲಿ ಕಲ್ಲುಗಳಿಗೆ ಜಾಗ ಸಾಲದಾದಾಗ ಆ ಗೋಡೌನಿನ ಒಡೆಯರು ಬಾಗಿಲು ತೆಗೆಸಿಕೊಟ್ಟರು. ಅಕ್ಕಿ ಗಿರಣಿ ನಡೆಸುತ್ತಿದ್ದವರು, ಹನಕೆರೆಯವರು. ಕಲ್ಲುಗಳ ಸುದ್ದಿ ಕೇಳಿ ಜನ ನೇಗಿಲು ತಂದರು, ಗಾಣ ತಂದರು. ಟ್ರಸ್ಟು ಆಯಿತು, ಒಡೆಯರು ಅಧ್ಯಕ್ಷರಾದರು. ಕೊನೆಗೆ ಎಲ್ಲಕ್ಕೂ ನಂಬರು ಕೊಟ್ಟು ಪಟ್ಟಿ ಮಾಡಲು ನಾನು ಬಂದೆ.

ನಾನು ಬಂದ ದಿನ ಮಟಮಟ ಮಧ್ಯಾಹ್ನ. ಗೋಡೌನಿನ ಹಿಂಭಾಗದಲ್ಲಿ ಕಿಟಕಿ ಇಲ್ಲದ ಒಂದು ಅಂಕಣ ಇತ್ತು. ತಗಡಿನ ತೂತುಗಳಿಂದ ಬಿಸಿಲು ಕಾಸಿನಗಲ ಬಿದ್ದಿತ್ತು. ಮೂರು ಹಲಗೆಗಳ ಮೇಲೆ ಸಾಲಾಗಿ ಗುಂಡುಕಲ್ಲುಗಳು, ಎಣ್ಣೆ ಹಚ್ಚಿ ಕಪ್ಪಗೆ ಹೊಳೆಯುವಂಥವು. ಪ್ರತಿಯೊಂದರ ಕೆಳಗೂ ಹಳೆಯ ಸೀರೆಯ ಸಿಂಬಿ. ಒಂದು ತುದಿ ಸಣ್ಣ, ಒಂದು ತುದಿ ದಪ್ಪ. ಅರೆಬೆಳಕಿನಲ್ಲಿ ಸಣ್ಣ ತುದಿ ತಲೆಯ ಹಾಗೆ ಕಾಣುತ್ತಿತ್ತು. ನಡುವೆ ಸೂರಿನ ತೊಲೆಗೆ ಕಟ್ಟಿದ ಮರದ ತೊಟ್ಟಿಲು. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

“ಚಪ್ಲಿ ಈಚೆ ಬುಟ್ಟು ಬಾ. ಈಗ ಮನಗವ್ರೆ.”

ನಾನು ನಕ್ಕಿರಬೇಕು. ಡೈರಿಯಲ್ಲಿ ‘ನಕ್ಕೆ’ ಎಂದಿದೆ. ಆದರೆ ಚಪ್ಪಲಿ ಬಿಟ್ಟೆ ಎಂದೂ ಇದೆ.

ಮೊದಲ ಜಗಳ ನಂಬರಿನದು. ಪ್ರತಿ ಕಲ್ಲಿನ ಮೇಲೂ ಬಿಳಿ ಬಣ್ಣದಿಂದ ಸಂಖ್ಯೆ ಬರೆದೆ. ಸಂಜೆಯೊಳಗೆ ಎಲ್ಲವನ್ನೂ ಎಣ್ಣೆ ಬಟ್ಟೆಯಿಂದ ಉಜ್ಜಿ ಅಳಿಸಿದ್ದಳು.

“ಯಾಕಜ್ಜಿ ಹಿಂಗೆ ಮಾಡಿದ್ರಿ?”

“ಮೊಕದ್ ಮ್ಯಾಲೆ ಬರ್ದಿದ್ಯಲ್ಲವ್ವ. ಬೆನ್ಯಾವ್ದು ಮೊಕ ಯಾವ್ದು ಅಂತನೂ ಗೊತ್ತಾಗಾಕಿಲ್ವ? ಅದೇನ್ ಓದಿದ್ದೀಯೋ.”

ಕೊನೆಗೆ ಸಿಂಬಿಗಳಿಗೆ ಚೀಟಿ ಕಟ್ಟುವುದೆಂದು ರಾಜಿಯಾಯಿತು. ಚೀಟಿ ಕಟ್ಟುತ್ತ ಎಣಿಸಿದಾಗ ನಲವತ್ತೊಂದು ಬಂತು. ಮೊದಲ ದಿನ ಅವಳ ಬಾಯಿಂದ ಕೇಳಿ ಬರೆದ ಪಟ್ಟಿಯಲ್ಲಿ ನಲವತ್ತೆರಡು ಮನೆಗಳಿದ್ದವು. ಎರಡು ಸಲ, ಮೂರು ಸಲ ಎಣಿಸಿದೆ. ಅಜ್ಜಿ ಎದ್ದು ಬಂದು ತೊಟ್ಟಿಲ ಬಟ್ಟೆ ಸರಿಸಿದಳು. ಒಳಗೆ ಒಂದು ಕಲ್ಲು ಮಲಗಿತ್ತು.

“ವಾರಕ್ಕೊಬ್ರ ಸರದಿ. ಬರೀ ತೊಟ್ಲು ಇರ್‍ಬಾರ್ದು. ಬರಿದಾದ್ರೆ ಯಾರ್‍ನ ಮನಗುಸ್ಕಳನ ಅಂತ ಉಡುಕ್ತದೆ.”

ಶನಿವಾರ ಮಧ್ಯಾಹ್ನ ಅವಳು ಎಲ್ಲವಕ್ಕೂ ಹಿಪ್ಪೆ ಎಣ್ಣೆ ಸವರಿ ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಒಂದೊಂದನ್ನೂ ಎತ್ತಿ ಕಾಲುಗಳ ಮೇಲೆ ಮಲಗಿಸಿಕೊಂಡು, ಹಸುಗೂಸಿಗೆ ನೀರು ಹಾಕುವ ಹಾಗೆ. ಆಗ ಮಾತ್ರ ಅವಳು ಹಳೆಯ ಮನೆಗಳ ಸುದ್ದಿ ಹೇಳುತ್ತಿದ್ದಳು. ಇದು ಮಳವಳ್ಳಿ ಕಡೆಯದು, ಆರು ಮಕ್ಕಳನ್ನು ಕಂಡದ್ದು. ಇದು ಕುಂಟುತ್ತಿತ್ತು, ಒಂದು ಮಗ್ಗುಲು ಸವೆದಿತ್ತು, ಆ ಮನೆ ಹೆಂಗಸು ಎಡಗೈಯಲ್ಲಿ ಅರೆಯುತ್ತಿದ್ದಳು. ಇದರ ಮನೆಯಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ. ಆಮೇಲೆ ಆ ಕಲ್ಲಿನಲ್ಲಿ ಅರೆದದ್ದು ಏನೇ ಮಾಡಿದರೂ ಒಗರು. ಕೈಯಿಂದ ತಡವಿಯೇ ಎಲ್ಲವನ್ನೂ ಹೇಳುತ್ತಿದ್ದಳು, ಕಣ್ಣು ಎಲ್ಲೋ ಇರುತ್ತಿತ್ತು.

“ಮಗೀಗೆ ಬರಾದ್ನ ಮೊದ್ಲು ಇದು ತಗತ್ತದೆ. ದಿಷ್ಟಿ, ಗಾಳಿ, ಜರ, ಎಲ್ಲಾವ. ಅದ್ಕೇಯ ಮೊದ್ಲು ಮನಗ್ಸದು. ತಗಂಡು ತಗಂಡು ತುಂಬ್ಕಂಡವೆ ಇವು. ಕಲ್ಲು ಅಂತ ಅಗುರ್‍ವಾಗಿ ನೋಡ್ಬ್ಯಾಡ.”

ಒಂದು ಮಧ್ಯಾಹ್ನದ ವಿಷಯ ಹೇಳಬೇಕು. ಅಜ್ಜಿ ಊಟಕ್ಕೆ ಹೋಗಿದ್ದಳು, ನಾನೊಬ್ಬಳೇ ಅಳತೆ ತೆಗೆಯುತ್ತಿದ್ದೆ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಒಂದು ಕಲ್ಲನ್ನು ತಬ್ಬಿ ಎತ್ತಿದಾಗ ಅದರ ಹೊಟ್ಟೆಯ ಭಾಗ ಬೆಚ್ಚಗಿತ್ತು. ತಗಡಿನ ಮಾಡು, ಬೇಸಿಗೆ, ಬೆಚ್ಚಗಿರುವುದೇ ಸರಿ. ಪಕ್ಕದ್ದನ್ನು ಮುಟ್ಟಿದೆ, ತಣ್ಣಗಿತ್ತು. ಅದರ ಪಕ್ಕದ್ದೂ ತಣ್ಣಗೆ. ಆಗ ಬೆನ್ನ ಹಿಂದೆ ತೊಟ್ಟಿಲ ಹಗ್ಗ ಕಿರ್ರೆಂದಿತು. ತಿರುಗಿದೆ. ತೊಟ್ಟಿಲು ತೂಗುತ್ತಿತ್ತು, ಜೋರಾಗಿ ಅಲ್ಲ, ಯಾರೋ ತೂಗಿ ಈಗಷ್ಟೇ ಕೈ ಬಿಟ್ಟ ಹಾಗೆ.

ರಸ್ತೆಯಲ್ಲಿ ಕಬ್ಬಿನ ಲಾರಿ ಹೋಯಿತು, ಅದಕ್ಕೆ ತೊಲೆ ಅದುರಿತು. ಆವತ್ತು ನನಗೆ ನಾನೇ ಹಾಗೆ ಹೇಳಿಕೊಂಡೆ, ಡೈರಿಯಲ್ಲಿಯೂ ಹಾಗೇ ಬರೆದೆ. ಎಷ್ಟೋ ದಿನಗಳ ಮೇಲೆ ಅದೇ ಡೈರಿಯ ಹಿಂದಿನ ಪುಟ ನೋಡಿದಾಗ, ಕಬ್ಬು ಅರೆಯುವುದು ಮುಗಿದು ರಸ್ತೆಯಲ್ಲಿ ಲಾರಿಗಳೇ ಇಲ್ಲ, ಈಗ ಧೂಳಿಲ್ಲ ಎಂದು ನಾನೇ ಬರೆದದ್ದು ಕಂಡಿತು. ಇದು ಬಿಡಿಸಲಾಗದ ಮೊದಲನೆಯದು.

ಇನ್ನು ನನ್ನ ತಪ್ಪಿನ ವಿಷಯ.

ಅಧ್ಯಕ್ಷರು ಗೋಡೌನಿನ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿಸಲು ಹೊರಟರು. ಶಾಲೆ ಮಕ್ಕಳು ಸಾಲಾಗಿ ಕೂತು ನೋಡಲು ಒಂದು ಉದ್ದನೆಯ ಜಗಲಿ ಇರಬೇಕೆಂಬುದು ಅವರ ಆಸೆ. ಒಳ್ಳೆಯ ಆಸೆಯೇ. ಆದರೆ ಹೊಸ ಕಟ್ಟಡದ ನಕ್ಷೆಯಲ್ಲಿ ಗುಂಡುಕಲ್ಲುಗಳಿಗೆ ಇದ್ದದ್ದು ಒಂದು ಮೂಲೆ, ನಾಲ್ಕು ಕಲ್ಲು ಹಿಡಿಯುವಷ್ಟು.

“ಒಂದು ಒಳಕಲ್ಲು, ಅದರ ಗುಂಡು, ಇನ್ನು ಮೂರು ತರದ್ದು. ಸಾಕಲ್ವೇನಮ್ಮ?” ಎಂದರು. “ಮಿಕ್ಕಿದ್ದೆಲ್ಲ ಒಂದೇ ತರ. ಜಗಲಿ ತಳಕ್ಕೆ ಆಯ್ತದೆ. ಹಂಗಾದ್ರೂ ಇಲ್ಲೇ ಇರ್ತವಲ್ಲ, ಎಸೆದಂಗೂ ಆಗಲ್ಲ. ಯಾವ್ದು ಬೇಕು ಯಾವ್ದು ಬೇಡ ಅಂತ ನೀನು ಬರೆದುಕೊಡು, ಓದಿದವಳು.”

ಬರೆದುಕೊಟ್ಟೆ. ನಾಲ್ಕು ಉಳಿಸಿ ಮೂವತ್ತೆಂಟು ಕಲ್ಲುಗಳ ಮುಂದೆ ‘ಪ್ರತಿ’ ಎಂದು ಬರೆದು ಸಹಿ ಹಾಕಿದೆ. ಒಂದೇ ಬಗೆಯ ವಸ್ತು ಹೆಚ್ಚಿದ್ದರೆ ಮಾದರಿ ಉಳಿಸಿಕೊಂಡು ಬೇರೆಯವನ್ನು ವಿಲೇವಾರಿ ಮಾಡಬಹುದು ಎಂದು ಓದಿದ್ದೆ. ಹಿಂಜರಿದೆನೇ? ಹಿಂಜರಿದೆ ಎಂದು ಈಗ ಅನ್ನಿಸುತ್ತದೆ. ಡೈರಿಯಲ್ಲಿ ಅಂಥದ್ದೇನೂ ಇಲ್ಲ. ‘ಪಟ್ಟಿ ಮುಗಿಯಿತು. ನಾಳೆ ಟ್ರ್ಯಾಕ್ಟರು’ ಎಂದು ಮಾತ್ರ ಇದೆ.

ಅಜ್ಜಿಗೆ ಹೇಳದಿರುವುದು ಸರಿಯಲ್ಲ ಎನ್ನಿಸಿ, ಅದೇ ಮಧ್ಯಾಹ್ನ ಪಟ್ಟಿ ಹಿಡಿದು ಅವಳ ಮುಂದೆ ಕೂತೆ. ಅವಳು ಗಲಾಟೆ ಮಾಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಓದು ಎಂದಳು. ಓದಿದೆ. ಗುಂಡುಕಲ್ಲು, ಪ್ರತಿ. ಗುಂಡುಕಲ್ಲು, ಪ್ರತಿ. ಮೂವತ್ತೆಂಟು ಸಲ. ಅವಳು ಪ್ರತಿ ಸಲ ಹಲಗೆಯ ಕಡೆ ತಿರುಗಿ ಆ ಕಲ್ಲನ್ನು ನೋಡುತ್ತಿದ್ದಳು, ಹೆಸರು ಕೂಗಿದಾಗ ಮಕ್ಕಳು ಎದ್ದು ನಿಲ್ಲುವುದನ್ನು ನೋಡುವ ಹಾಗೆ.

“ಜಗ್ಲಿ ಮ್ಯಾಲೆ ಕುಂತ್ಕಳೋರು ಯಾರು?”

“ಶಾಲೆ ಮಕ್ಕಳು ಅಜ್ಜಿ.”

“ಇವು ತಗಂಡಿರದ್ರ ಮ್ಯಾಲೆ ಮಕ್ಳ ಕುಂಡ್ರುಸ್ತೀರ?”

ನಾನು ಪಟ್ಟಿ ಮಡಚಿದೆ. ಅವಳು ಎಲೆಗೆ ಸುಣ್ಣ ಸವರಿದಳು.

“ನೀ ಒಳಲಿನೋಳು ತಾನೆ?”

ಹೌದು, ಹೊಳಲು ಎಂದೆ. ನನ್ನ ಊರನ್ನು ಅವಳಿಗೆ ಯಾವತ್ತಾದರೂ ಹೇಳಿದ್ದೆನೋ ನೆನಪಿಲ್ಲ.

“ನಿಮ್ಮಣ್ಣ ಇಲ್ಲೇ ಅವ್ನೆ.”

ಕಾಸಿನಗಲದ ಬಿಸಿಲು ಹಲಗೆಯ ಮೇಲೆ ಸರಿಯುತ್ತಿತ್ತು. ನನ್ನ ತೋಳಿನ ಕೂದಲು ಎದ್ದುನಿಂತಿತು. ಇದು ಡೈರಿಯಲ್ಲಿದೆ.

“ನನಗೆ ಅಣ್ಣ ಇಲ್ಲ ಅಜ್ಜಿ. ನಾನೇ ಮೊದಲ್ನೇವ್ಳು.”

“ನಿನ್ಗಿಂತ ಮುಂಚೆ ತೊಟ್ಲಲ್ಲಿ ಮನಗಿದ್ನಲ್ಲ, ಅವ್ನು. ಮನೆ ಕೆಡವ್ದಾಗ ನಾನೇ ತಂದೆ.”

“ಯಾವುದು?”

“ಏಳಾಕಿಲ್ಲ.” ಅಡಿಕೆ ಬಾಯಿಗೆ ಹಾಕಿಕೊಂಡಳು. “ಏಳುದ್ರೆ ಅದೊಂದ್ನ ಉಳುಸ್ಕತೀಯ. ಮಿಕ್ಕಿದ್ನ ತುಂಬುಸ್ಬುಡ್ತೀಯ.”

ಮನೆಗೆ ಹೋದಾಗ ಅವ್ವ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಇನ್ನೂ ಬಿಸಿಲಿತ್ತು. ನಮ್ಮ ಗುಂಡುಕಲ್ಲು ಏನಾಯಿತು ಎಂದು ಕೇಳಿದೆ. ಅವ್ವನ ಕೈ ಒಂದು ಗಳಿಗೆ ನಿಂತಿತು.

“ಅದ್ಯಾಕೆ ಈಗ?”

“ನನಗಿಂತ ಮುಂಚೆ ನಿನಗೆ ಮಗು ಏನಾದ್ರೂ ಆಗಿತ್ತಾ ಅವ್ವ?”

“ನಿನ್ ತಲೆ. ನೀನೇ ಮೊದ್ಲು ಹುಟ್ಟಿದ್ದು, ನೀನೇ ಮೊದ್ಲು ಸಾಯ್ಸಿದ್ದು ನನ್ನ. ಕಲ್ಲಂತೆ ಕಲ್ಲು. ಯಾರೋ ತಗಂಡೋದ್ರು ಕಣೆ, ಯಾರಿಗೆ ಗ್ಯಾನ ಅದೆ.” ಮತ್ತೆ ಕಾಯಿ ಸುಲಿಯತೊಡಗಿದಳು. ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೇಗನೆ ಹೋಗಿ ಹಲಗೆಯ ಮುಂದೆ ನಿಂತೆ. ಮನೆಯ ಗುರುತು ಯಾವುದರಲ್ಲಾದರೂ ಇರಬಹುದೇ ಎಂದು ಒಂದೊಂದನ್ನೇ ಎತ್ತಿದೆ. ಎಂಟು ವರ್ಷದವಳಿದ್ದಾಗ ಆ ಒಳಕಲ್ಲಿನ ಮುಂದೆ ಕೂತು ಹಿಟ್ಟು ನೂಕಿದ ನೆನಪಿತ್ತು. ಕಲ್ಲಿನ ನೆನಪು ಇರಲಿಲ್ಲ. ಒಂದು ಕಲ್ಲು ಮಾತ್ರ, ಎತ್ತಿದಾಗ ತಾನಾಗಿಯೇ ಸೊಂಟದ ಮೇಲೆ ಕೂತುಕೊಂಡಿತು. ಬೇರೆಯವನ್ನು ಸರಿಸಿ, ಹೊಂದಿಸಿ ಹಿಡಿಯಬೇಕಿತ್ತು. ಇದಕ್ಕೆ ಏನೂ ಮಾಡಬೇಕಾಗಲಿಲ್ಲ. ಇದೇ ಇರಬೇಕು ಎಂದುಕೊಂಡೆ. ಆಮೇಲೆ, ಇದೇ ಅಲ್ಲದಿದ್ದರೆ? ಮೂವತ್ತೆಂಟರಲ್ಲಿ ಒಂದನ್ನು ತಪ್ಪಾಗಿ ಆರಿಸಿ, ನಿಜವಾದದ್ದನ್ನು ಜಗಲಿಯ ಕೆಳಗೆ ಹೂಳಿಸಿದರೆ? ಪಟ್ಟಿ ಮಾಡುವಾಗ ನನಗೆ ಎಲ್ಲವೂ ಒಂದೇ ತರ ಇದ್ದವು. ಈಗ ಒಂದನ್ನೂ ಬಿಡಲಾರದೆ ನಿಂತಿದ್ದೆ.

ಹನ್ನೆರಡಕ್ಕೆ ಟ್ರ್ಯಾಕ್ಟರು ಬಂತು, ಹಿಂದೆಯೇ ಅಧ್ಯಕ್ಷರು ಬಂದರು.

“ಎಲ್ಲಮ್ಮ ಪಟ್ಟಿ?”

“ಸರ್, ಪಟ್ಟಿ ತಪ್ಪಾಗಿದೆ. ಇದರಲ್ಲಿ ಒಂದೂ ಪ್ರತಿ ಇಲ್ಲ. ನಲವತ್ತೆರಡು ಮನೆಯವು.”

“ಏನಮ್ಮ ನೀನು, ಎಂ.ಎ. ಮಾಡಿ ಈ ಅಜ್ಜಿ ಜೊತೆ ಸೇರ್ಕಂಡು…” ಎನ್ನುತ್ತ ಅಂಕಣದ ಬಾಗಿಲಿಗೆ ಬಂದರು. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು, ಅವರ ಕಡೆ ನೋಡಲೂ ಇಲ್ಲ. ಮಾತಾಡಿದ್ದು ನಾನು.

“ಇದರಲ್ಲಿ ನಿಮ್ಮ ಮನೆಯದು ಯಾವುದು ಸರ್?”

ಅವರು ಮೂರು ಹಲಗೆಗಳನ್ನೂ ನೋಡಿದರು. ಆಮೇಲೆ ಮೆಲ್ಲನೆ, ದೊಡ್ಡವರ ಮುಂದೆ ಮಾತಾಡುವ ದನಿಯಲ್ಲಿ ಅಜ್ಜಿಯನ್ನು ಕೇಳಿದರು. “ಅಮ್ಮೋ, ನಮ್ಮವ್ವ ಒಂದು ಕೊಟ್ಟಿದ್ಲಲ್ವ ನಿಂಗೆ? ಯಾವ್ದದು?”

“ಗ್ಯಾನ ಇಲ್ಲ ಕಣಪ್ಪ,” ಎಂದಳು ಅಜ್ಜಿ. “ವಯಸ್ಸಾಯ್ತು.”

ಕಲ್ಲು ತಡವಿ ಆರು ಮಕ್ಕಳ ಲೆಕ್ಕ ಹೇಳುತ್ತಿದ್ದವಳು. ಅಧ್ಯಕ್ಷರು ಬಾಗಿ ಶೂ ಬಿಚ್ಚಿ, ಒಳಗೆ ಬಂದು, ಒಂದು ಕಲ್ಲಿನ ಮೇಲೆ ಕೈ ಇಟ್ಟು ತೆಗೆದರು. ಹೊರಗೆ ಹೋಗಿ ಡ್ರೈವರಿಗೆ “ಓಗ್ಲಾ, ಕ್ರಷರ್‍ನಿಂದ ಸೈಜುಗಲ್ಲು ತುಂಬ್ಕಂಡು ಬಾ” ಎಂದರು. ಟ್ರ್ಯಾಕ್ಟರು ಖಾಲಿ ಹೋಯಿತು. ಹೊಸ ಕಟ್ಟಡದಲ್ಲಿ ಮೂಲೆಯ ಬದಲು ಒಂದು ಪೂರ್ತಿ ಅಂಕಣ ಗುಂಡುಕಲ್ಲುಗಳಿಗೆ ಸಿಕ್ಕಿತು, ತೊಟ್ಟಿಲಿಗೆ ತೊಲೆಯೂ ಬಂತು.

ಆಮೇಲೆ ಅಜ್ಜಿ ಮೂರು ವರ್ಷ ಇದ್ದಳು. ಶನಿವಾರದ ಎಣ್ಣೆ ನೀರಿಗೆ ನಾನೂ ಕೂರುತ್ತಿದ್ದೆ. ಕೂತಾಗಲೆಲ್ಲ ಕೇಳುತ್ತಿದ್ದೆ. ಯಾವುದಜ್ಜಿ? ಅವಳು ಒಂದೊಂದು ಸಲ ಒಂದೊಂದು ತರ ನಗುತ್ತಿದ್ದಳು. ಮೈಯುಜ್ಜುವಾಗ ನನ್ನ ಕೈ ಯಾವುದರ ಮೇಲೆ ತಡೆಯುತ್ತದೆ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದಳೆಂದು ನನಗೆ ಅನುಮಾನ. ಕೊನೆಕೊನೆಗೆ ಅವಳಿಂದ ಕಲ್ಲು ಎತ್ತಲು ಆಗುತ್ತಿರಲಿಲ್ಲ. ನಾನು ಎತ್ತಿ ಅವಳ ಕಾಲ ಮೇಲೆ ಇಡುತ್ತಿದ್ದೆ, ಅವಳು ಕೈ ಆಡಿಸುತ್ತಿದ್ದಳು.

ಅವಳನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದಾಗ ನಾನು ದಿನವೂ ಹೋಗಿ ಬರುತ್ತಿದ್ದೆ. ಸಂಗ್ರಹಾಲಯಕ್ಕೆ ಬೀಗ ಹಾಕಿತ್ತು, ಕೀ ನನ್ನ ಚೀಲದಲ್ಲಿತ್ತು. ಹಿಂದಿನ ಶನಿವಾರ ತೊಟ್ಟಿಲಿನ ಕಲ್ಲನ್ನು ತೊಳೆದು ಹಲಗೆಗೆ ಇಟ್ಟಿದ್ದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂದು ಬೇರೆ ಕಲ್ಲನ್ನು ಮಲಗಿಸದೆ ಓಡಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಆ ವಾರದ ಡೈರಿ ಖಾಲಿ.

ಕೊನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಕೆನ್ನೆ ಒಳಗೆ ಹೋಗಿ ಚುಕ್ಕೆಗಳು ಒತ್ತೊತ್ತಾಗಿ ಬಂದಿದ್ದವು.

“ತೊಟ್ಲಲ್ಲಿ ಈ ವಾರ ಯಾರು?”

“ಸರದಿ ಪ್ರಕಾರ ಇದೆ ಅಜ್ಜಿ.”

ಅವಳು ನನ್ನನ್ನು ತುಂಬ ಹೊತ್ತು ನೋಡಿದಳು.

“ಸುಳ್ಳ್ ಏಳು, ಪರ್ವಾಗಿಲ್ಲ. ನಾನೂ ಏಳಿದ್ದೀನಿ. ತೊಟ್ಲು ಬರಿದು ಬುಡ್ಬ್ಯಾಡ. ಓಗು.”

ಯಾವ ಸುಳ್ಳು ಎಂದು ಕೇಳಲು ಬಾಯಿ ತೆರೆದೆ. ಅವಳು ಕಣ್ಣು ಮುಚ್ಚಿ, ಕೈಯಿಂದ ಹೋಗು ಹೋಗು ಎಂದಳು. ಮದ್ದೂರಿನ ಬಸ್ಸು ಹಿಡಿದು, ಅಲ್ಲಿಂದ ಆಟೋ ಮಾಡಿಕೊಂಡು ಬಂದೆ. ಬಿಸಿಲು ನೆತ್ತಿಯ ಮೇಲಿತ್ತು. ಬೀಗ ತೆಗೆದು, ಚಪ್ಪಲಿ ಬಿಟ್ಟು, ಅಂಕಣಕ್ಕೆ ಹೋದೆ. ತೊಟ್ಟಿಲ ಬಟ್ಟೆ ಸರಿಸಿದೆ.

ಒಳಗೆ ಕಲ್ಲು ಮಲಗಿತ್ತು. ಕಾಡಿಗೆಯ ಬೊಟ್ಟು ಇತ್ತು. ಸಿಂಬಿಯ ಬಟ್ಟೆಯನ್ನು ಎದೆಯವರೆಗೆ ಹೊದಿಸಿತ್ತು. ಮುಟ್ಟಿದೆ, ಬೆಚ್ಚಗಿತ್ತು. ಹಲಗೆಯ ಮೇಲಿನವನ್ನು ಎಣಿಸಿದೆ: ನಲವತ್ತೊಂದು. ಎತ್ತಿ ನೋಡುವ ಮೊದಲೇ ನನಗೆ ತಿಳಿದಿತ್ತು. ಸೊಂಟದ ಮೇಲೆ ತಾನಾಗಿ ಕೂರುತ್ತಿದ್ದ ಕಲ್ಲು ಅದು. ಆಗ ಫೋನು ಬಂತು. ಅಜ್ಜಿ ಹೋಗಿಬಿಟ್ಟಳು ಎಂದರು.

ನಾನೇ ಇಟ್ಟಿರಬೇಕು. ಆಸ್ಪತ್ರೆಗೆ ಓಡುವ ಗಾಬರಿಯಲ್ಲಿ ಕೈ ತನ್ನ ಕೆಲಸ ಮಾಡಿ ಮುಗಿಸಿರಬೇಕು, ಮನಸ್ಸು ಗಮನಿಸಿರಲಿಕ್ಕಿಲ್ಲ. ಹೀಗೆಂದು ಎಷ್ಟೋ ಸಲ ಬರೆದುಕೊಂಡಿದ್ದೇನೆ. ನನಗೆ ಕಾಡಿಗೆ ಇಡುವ ಅಭ್ಯಾಸ ಇರಲಿಲ್ಲ ಎಂಬುದನ್ನೂ ಒಂದು ಸಲ ಬರೆದಿದ್ದೇನೆ. ಇದು ಬಿಡಿಸಲಾಗದ ಎರಡನೆಯದು.

ತಿಥಿ ಕಳೆದ ಮೇಲೆ ಒಂದು ಸಂಜೆ ಅವ್ವ ಹೊಸಲಿನ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಕೇಳದಿದ್ದರೂ ಹೇಳಿದಳು.

“ಆ ಕಲ್ಲಜ್ಜಿ ನಮ್ಮನೆಗೂ ಬಂದಿದ್ಲು ಕಣೆ, ಮನೆ ಕೆಡವಿದಾಗ. ಗುಂಡುಕಲ್ಲು ಕೊಡು ಅಂತ. ನಿಮ್ಮಪ್ಪ ಅಷ್ಟೊತ್ತಿಗಾಗ್ಲೆ ಈ ಹೊಸ್ಲು ತಳಪಾಯಕ್ಕೆ ಹಾಕ್ಸಿಬುಟ್ಟಿದ್ರು. ಅವಳು ಈ ಜಾಗದಲ್ಲೇ ನಿಂತು ತುಂಬೊತ್ತು ನೆಲ ನೋಡಿದ್ಲು. ಏನೂ ಅನ್ಲಿಲ್ಲ, ಓದ್ಲು. ನಿಂಗೆ ಏಳಕ್ಕೆ ಬಾಯಿ ಬರ್ನಿಲ್ಲ ನಂಗೆ.”

ಅವ್ವನ ಪಕ್ಕದ ಹೊಸಲಿನ ಕೆಳಗೆ. ನಾನು ಇಪ್ಪತ್ತು ವರ್ಷಗಳಿಂದ ದಾಟುತ್ತಿರುವ ಹೊಸಲು. ಆ ಮನೆಯಲ್ಲಿ ಏನೇನು ಆಗಿದೆ, ಅಪ್ಪನ ಕಾಲು ಯಾವಾಗ ಬಿದ್ದುಹೋಯಿತು, ತಮ್ಮನ ಮಗುವಿಗೆ ಯಾಕೆ ಸುಮ್ಮಸುಮ್ಮನೆ ಜ್ವರ ಬರುತ್ತದೆ ಎಂದು ಪಟ್ಟಿ ಮಾಡಲು ಮನಸ್ಸು ಓಡಿತು. ತಡೆದೆ. ಪಟ್ಟಿ ಮಾಡಲು ಹೊರಟರೆ ಯಾವುದಕ್ಕೆ ಬೇಕಾದರೂ ಸಾಕ್ಷಿ ಸಿಗುತ್ತದೆ ಎಂದು ಕಲಿತಿದ್ದೇನೆ. ಆದರೂ ಆವತ್ತಿನಿಂದ ಆ ಹೊಸಲನ್ನು ಮೆಟ್ಟುವುದಿಲ್ಲ, ದಾಟುತ್ತೇನೆ. ಶನಿವಾರ ಅದಕ್ಕೂ ಒಂದು ಬೊಟ್ಟು ಎಣ್ಣೆ. ಅವ್ವ ನೋಡಿಯೂ ನೋಡದ ಹಾಗಿರುತ್ತಾಳೆ.

ಹಾಗಾದರೆ ಅಜ್ಜಿ ನನಗೆ ಹೇಳಿದ್ದು ಸುಳ್ಳು. ನಮ್ಮ ಮನೆಯ ಕಲ್ಲು ಅವಳ ಹತ್ತಿರ ಇರಲೇ ಇಲ್ಲ. ತನಗೆ ಸಿಗದೆ ಹೋದ ಒಂದು ಕಲ್ಲನ್ನು ಮುಂದಿಟ್ಟುಕೊಂಡು ಮೂವತ್ತೆಂಟನ್ನು ಉಳಿಸಿಕೊಂಡಳು. ನನ್ನಿಂದ ಅಂಥ ಪಟ್ಟಿ ಇನ್ನೊಂದು ಆಗದ ಹಾಗೆ ಮಾಡಿದಳು. ಆ ಋಣ ದೊಡ್ಡದು. ಸೊಂಟದ ಮೇಲೆ ಕೂರುವ ಕಲ್ಲು ಮಾತ್ರ ಯಾರದೆಂದು ತಿಳಿಯದೆ ಉಳಿಯಿತು. ಅದರ ಸಿಂಬಿಯ ಚೀಟಿ ಯಾವುದೆಂದು ನಾನು ಎಲ್ಲಿಯೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಕಳೆದ ತಿಂಗಳು ಒಂದು ಹುಡುಗಿ ಬಂದಳು. ಸಂಗ್ರಹಾಲಯಗಳ ವಸ್ತುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸದವಳು, ಕೈಯಲ್ಲಿ ಟ್ಯಾಬು. ಶನಿವಾರ ಮಧ್ಯಾಹ್ನ. ನನ್ನ ಮೊಣಕೈವರೆಗೆ ಎಣ್ಣೆಯಿತ್ತು. ಅವಳು ನೇಗಿಲು, ಗಾಣ ಮುಗಿಸಿ ಅಂಕಣದ ಬಾಗಿಲಲ್ಲಿ ನಿಂತು ಹಲಗೆಗಳ ಫೋಟೋ ತೆಗೆದಳು.

“ಮೇಡಂ, ಇವೆಲ್ಲಾ ಒಂದೇ ತರ ಇದಾವಲ್ಲ. ಮೂರ್ನಾಲ್ಕು ಹಾಕ್ಕೊಂಡು ಉಳಿದಿದ್ದನ್ನ ಡೂಪ್ಲಿಕೇಟ್ ಅಂತ ತೋರಿಸ್ಲಾ?”

“ಚಪ್ಪಲಿ ಹೊರಗೆ ಬಿಟ್ಟು ಬನ್ನಿ,” ಎಂದೆ. “ಯಾವೂರಮ್ಮ ನಿಮ್ಮದು?”

“ಆತಗೂರು.”

“ಮನೆ ಹೊಸದಾಗಿ ಕಟ್ಟಿಸಿದ್ದಾ?”

“ಹ್ಞೂಂ ಮೇಡಂ. ನಾನು ಚಿಕ್ಕವಳಿದ್ದಾಗ.”

ನನ್ನ ಪಟ್ಟಿಯಲ್ಲಿ ಆತಗೂರಿನ ಮನೆ ಒಂದೂ ಇರಲಿಲ್ಲ. ಅದು ನನಗೆ ಗೊತ್ತಿತ್ತು.

“ನಿಮ್ಮಣ್ಣ ಇಲ್ಲೇ ಇದ್ದಾನೆ,” ಎಂದೆ.

ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. ತನಗೆ ಅಣ್ಣ ಇಲ್ಲ, ತಾನೇ ದೊಡ್ಡವಳು ಎಂದಳು. ಟ್ಯಾಬು ಕೆಳಗಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ನಾನು ತೊಟ್ಟಿಲಿನ ವಿಷಯ, ಕಲ್ಲಿನ ವಿಷಯ ಹೇಳಿದೆ. ಯಾವುದು ಎಂದು ಕೇಳಿದಳು. ಹೇಳುವುದಿಲ್ಲ ಎಂದೆ. ಅವಳು ಹಲಗೆಗಳ ಉದ್ದಕ್ಕೂ ನಿಧಾನವಾಗಿ ನಡೆದಳು, ಒಂದನ್ನೂ ಮುಟ್ಟದೆ. ಎರಡನೆಯ ಹಲಗೆಯ ಕೊನೆಗೆ ಬಂದು ನಿಂತು, ಬಾಗಿ, ಒಂದು ಕಲ್ಲನ್ನು ಎತ್ತಿಕೊಂಡಳು.

ನಲವತ್ತೆರಡರಲ್ಲಿ ಅದನ್ನೇ.

ಸರಿಸಬೇಕಾಗಲಿಲ್ಲ, ಹೊಂದಿಸಬೇಕಾಗಲಿಲ್ಲ. ಅದು ಅವಳ ಸೊಂಟದ ಮೇಲೂ ಹಾಗೇ ಕೂತುಕೊಂಡಿತು.

“ಬೆಚ್ಚಗಿದೆ ಮೇಡಂ,” ಎಂದಳು.

ತಗಡಿನ ಮಾಡು, ಬಿಸಿಲು ಎಂದು ಹೇಳಬಹುದಿತ್ತು. ಆದರೆ ಹೊಸ ಕಟ್ಟಡಕ್ಕೆ ತಗಡಿಲ್ಲ, ತಾರಸಿ. ನಾನು ಕಾಲು ಚಾಚಿ ಕೂತು, “ಇಲ್ಲಿ ಮಲಗಿಸು, ನೀರು ಆರಿಹೋಗುತ್ತೆ,” ಎಂದೆ.